ಟಿಸಿ ಅರ್ಜಿಗೆ ಸಹಿ ಹಾಕಬೇಡಿ

ಪ್ರಶ್ನೆ: ನನ್ನ ಮಗನಿಗೆ 8 ವರ್ಷ, ಆಟಿಸಂ ಇದೆ. ಖಾಸಗಿ ಶಾಲೆಯಲ್ಲಿ 3ನೇ ಕ್ಲಾಸು. ಪಾಠದ ಮಧ್ಯೆ ಎದ್ದು ಓಡಾಡುತ್ತಾನೆ, ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಟಿಸಿ ಬೇಕೆಂದು ನೀವೇ ಬರೆದುಕೊಡಿ ಎನ್ನುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಬರೆದುಕೊಡಬೇಡಿ. ಬರೆದರೆ ಶಾಲೆಯವರು ಕಳಿಸಿದ್ದಲ್ಲ, ನೀವೇ ಬಿಡಿಸಿಕೊಂಡು ಹೋದಿರಿ ಅಂತ ಆಗುತ್ತದೆ. ನನ್ನ ಮಗಳ ವಿಷಯದಲ್ಲಿ ನಾನು ಮಾಡಿದ ತಪ್ಪು ಇದೇ. ಹಾಳೆ, ಪೆನ್ನು ಅವರೇ ಕೊಟ್ಟರು, 'ಮನೆಯ ಅನುಕೂಲಕ್ಕಾಗಿ' ಅಂತ ಹೇಳಿ ಬರೆಸಿದರು, ನಾನು ಅಳುತ್ತಲೇ ಬರೆದೆ. ಆಮೇಲೆ ದೂರು ಕೊಡಲು ಹೋದಾಗ ಅದೇ ಹಾಳೆಯನ್ನು ನನ್ನ ಮುಂದೆ ಇಟ್ಟರು.

ಕಾನೂನು ನಿಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ: ಸರ್ಕಾರದ ಮಾನ್ಯತೆ ಇರುವ ಶಾಲೆ, ಖಾಸಗಿಯಾದರೂ ಸರಿ, ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು, ಅವನಿಗೆ ಬೇಕಾದ ಹೊಂದಾಣಿಕೆಯನ್ನೂ ಮಾಡಿಕೊಡಬೇಕು. ಬೆಲ್ಲಿನಿಂದ ದೂರ ಕೂರಿಸುವುದು, ನಡುವೆ ಐದು ನಿಮಿಷ ಹೊರಗೆ ಓಡಾಡಲು ಬಿಡುವುದು, ಇಂಥದ್ದು. ದೊಡ್ಡ ಖರ್ಚೇನಲ್ಲ, ಅಲ್ವಾ?

ಇದನ್ನೇ ಪತ್ರದಲ್ಲಿ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಸುಮ್ನೆ ಜಗಳ ಬೇಡ. ಉತ್ತರ ಬರದಿದ್ದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ ದೂರು ಕೊಟ್ಟು ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ವಿಶೇಷ ಮಕ್ಕಳ ಕಲಿಕೆಯೇ ಅವರ ಕೆಲಸ, ಅವರನ್ನೂ ಕಾಣಿ. ಅಲ್ಲೂ ಆಗದಿದ್ದರೆ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಪ್ರಮಾಣಪತ್ರ ಬಂದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕೂ ಇದೆ.

ವಕೀಲರ ಫೀಸಿನ ಚಿಂತೆ ಬೇಡ. ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿ. ಇನ್ನು ಮುಂದೆ ಶಾಲೆಯವರು ಕರೆದರೆ ಒಬ್ಬರೇ ಹೋಗಬೇಡಿ. ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿಯೇ ಇರುವ ವಿಆರ್‌ಡಬ್ಲ್ಯೂ ಕಾರ್ಯಕರ್ತರನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹಾಳೆ ಮುಂದಿಟ್ಟರೆ, ಮನೆಗೆ ಹೋಗಿ ಓದಿ ಹೇಳುತ್ತೇನೆ ಅಂತ ಎದ್ದು ಬನ್ನಿ.