ಕಾರ್ಖಾನೆಯ ಸುರಕ್ಷತಾ ಫಲಕಗಳಿಗೆ ಬೇರೆ ಬೇರೆ ಬಣ್ಣ, ಆಕಾರ ಯಾಕೆ?

ಅಕ್ಷರ ಓದುವ ಮೊದಲೇ ಅರ್ಥವಾಗಲಿ ಎಂದು. ಅಡ್ಡಗೆರೆಯಿರುವ ಕೆಂಪು ವೃತ್ತ ಎಂದರೆ ‘ಮಾಡಬೇಡಿ’. ಹಳದಿ ತ್ರಿಕೋನ ಅಪಾಯದ ಎಚ್ಚರಿಕೆ. ನೀಲಿ ವೃತ್ತ ಕಂಡರೆ ಹೆಲ್ಮೆಟ್ಟೋ ಕನ್ನಡಕವೋ ಹಾಕಲೇಬೇಕು. ಹಸಿರು ಚೌಕ ಅಥವಾ ಆಯತ ಹೊರಹೋಗುವ ದಾರಿ, ಪ್ರಥಮ ಚಿಕಿತ್ಸೆ ತೋರಿಸುತ್ತದೆ. ಕೆಂಪು ಚೌಕ ಬೆಂಕಿ ನಂದಿಸುವ ಸಾಧನವನ್ನು. ಇದು ಸುರಕ್ಷತಾ ಫಲಕಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 7010ರ ಪದ್ಧತಿ.

ಬಣ್ಣವೊಂದೇ ಸಾಲದು. ಕೆಂಪು-ಹಸಿರಿನ ವ್ಯತ್ಯಾಸ ಕಾಣದವರಿದ್ದಾರೆ, ಹಳದಿ ಸೋಡಿಯಂ ದೀಪದಡಿ ಬಣ್ಣಗಳೇ ಬೇರೆಯಾಗಿ ಕಾಣುತ್ತವೆ. ಆಗ ಕೈಹಿಡಿಯುವುದು ಆಕಾರ. ಪೀಣ್ಯದಲ್ಲಿ ದುಡಿಯುವ, ಕನ್ನಡ ಓದಲು ಬಾರದ ಹೊರರಾಜ್ಯದವರಿಗೂ ಚಿತ್ರವೇ ಆಸರೆ.

ಚೆನ್ನಾಗಿ ಬೆಳಕಿರುವ ಕಡೆ, ನೋಡುವ ದೂರದ ನೂರನೇ ಒಂದು ಭಾಗದಷ್ಟಾದರೂ ಫಲಕ ಎತ್ತರವಿರಲಿ: 10 ಮೀಟರಿಗೆ 10 ಸೆಂ.ಮೀ. ಬಾಗಿಲ ಮೇಲೆ ಅಂಟಿಸಬೇಡಿ, ಪಕ್ಕದ ಗೋಡೆಗೆ ಹಾಕಿ. ಬಾಗಿಲು ತೆರೆದಿಟ್ಟರೆ ಫಲಕ ಗೋಡೆಯ ಕಡೆ ತಿರುಗಿ ಮರೆಯಾಗುತ್ತದೆ. ಬಿಸಿಲಿಗೆ ಬೀಳುವ ಫಲಕಗಳನ್ನಂತೂ ಆಗಾಗ ನೋಡಲೇಬೇಕು. ಕೆಂಪು ಬೇಗ ಮಾಸುತ್ತದೆ, ಕಪ್ಪು ಉಳಿಯುತ್ತದೆ: ಧೂಮಪಾನ ನಿಷೇಧದ ಫಲಕದಲ್ಲಿ ಕೊನೆಗೆ ಉಳಿಯುವುದು ಉರಿಯುವ ಸಿಗರೇಟು ಮಾತ್ರ. ಬೇಗ ಹೊತ್ತಿಕೊಳ್ಳುವ ಪೇಂಟ್ ಥಿನ್ನರ್ ಡಬ್ಬಿಗಳ ಪಕ್ಕದಲ್ಲಿ ಅದು ‘ಇಲ್ಲಿ ಸೇದಬಹುದು’ ಎಂದೇ ಹೇಳುತ್ತದೆ.