ಟಿ4 ನಾರ್ಮಲ್ ಬಂದರೂ ಗಡ್ಡೆ ತೋರಿಸಿ

ಮೂಡಿಗೆರೆಯಿಂದ ಕೇಳಿದ್ದೀರಿ: ಒಂಬತ್ತು ವರ್ಷದ ಬೀಗಲ್ ನಾಯಿ, ಗಂಟಲ ಪಕ್ಕ ನಿಂಬೆಹಣ್ಣಿನಷ್ಟು ಗಡ್ಡೆ, ಟಿ4 (ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನು) ರಿಪೋರ್ಟ್ ನಾರ್ಮಲ್, ಮಳೆಗಾಲ ಮುಗಿಯೋವರೆಗೂ ಕಾಯಬಹುದಾ ಅಂತ. ಕಾಯಬೇಡಿ.

ನಾಯಿಗಳ ಥೈರಾಯ್ಡ್ ಗಡ್ಡೆಗಳಲ್ಲಿ ಹೆಚ್ಚಿನವು ಹಾರ್ಮೋನಿನ ಮಟ್ಟವನ್ನು ಬದಲಿಸುವುದೇ ಇಲ್ಲ. ಹಾಗಾಗಿ ಟಿ4 ಸರಿಯಿದ್ದರೆ ಗಡ್ಡೆಯೂ ಸರಿಯಿದೆ ಅಂತಲ್ಲ. ಬೆಕ್ಕಿನಲ್ಲಿ ಉಲ್ಟಾ: ಗಡ್ಡೆ ಸಾಮಾನ್ಯವಾಗಿ ಸಾಧು, ಅಂದರೆ ಕ್ಯಾನ್ಸರ್ ಅಲ್ಲ, ಹಾರ್ಮೋನು ಮಾತ್ರ ವಿಪರೀತ. ನಾಯಿಯಲ್ಲಿ ಕೈಗೆ ಸಿಗುವಷ್ಟು ಬೆಳೆದ ಥೈರಾಯ್ಡ್ ಗಡ್ಡೆ ಬಹುಪಾಲು ಕ್ಯಾನ್ಸರೇ. ಬೀಗಲ್ ತಳಿಗೆ ಇದರ ಅಪಾಯ ಸ್ವಲ್ಪ ಜಾಸ್ತಿ. ನಿಮ್ಮದು ಬರೀ ಊದಿದ ದುಗ್ಧಗ್ರಂಥಿಯೂ ಇರಬಹುದು, ಅದನ್ನು ಹೇಳಬೇಕಾದ್ದು ಸೂಜಿ ಪರೀಕ್ಷೆ, ಅಂದರೆ ಗಡ್ಡೆಯಿಂದ ಸೂಜಿಯಲ್ಲಿ ಜೀವಕೋಶ ತೆಗೆದು ನೋಡುವುದು. ಥೈರಾಯ್ಡಿನಲ್ಲಿ ರಕ್ತನಾಳ ದಟ್ಟ, ಆದ್ದರಿಂದ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕಿಸಿ. ಶ್ವಾಸಕೋಶಕ್ಕೆ ಹರಡಿದೆಯಾ ಅಂತ ಎದೆಯ ಎಕ್ಸ್‌ರೇ ಕೂಡ ಬೇಕು.

ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಮೊದಲೇ ಫೋನ್ ಮಾಡಿ ಹೋಗಿ. ಗಡ್ಡೆ ಬುಡಕ್ಕೆ ಅಂಟದೆ ಸರಾಗವಾಗಿ ಜಾರುತ್ತಿದ್ದರೆ ಶಸ್ತ್ರಚಿಕಿತ್ಸೆಯ ಫಲಿತಾಂಶ ಚೆನ್ನಾಗಿರುತ್ತದೆ, ಎಷ್ಟೋ ನಾಯಿಗಳು ಎರಡು ಮೂರು ವರ್ಷ ಆರಾಮಾಗಿ ಬದುಕುತ್ತವೆ.

ತುರ್ತು ಸ್ಥಿತಿ ಹೆಚ್ಚಾಗಿ ಎದುರಾಗುವುದು ಆಪರೇಷನ್ ನಂತರ. ಎರಡೂ ಕಡೆಯ ಥೈರಾಯ್ಡ್ ಗ್ರಂಥಿ ತೆಗೆದರೆ, ರಕ್ತದ ಕ್ಯಾಲ್ಸಿಯಂ ಕಾಯುವ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಹೋಗಬಹುದು. ಹಾಗಾದರೆ ಮೊದಲ ಕೆಲವು ದಿನಗಳಲ್ಲೇ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಲಕ್ಷಣಗಳು: ಮುಖ ಉಜ್ಜಿಕೊಳ್ಳುವುದು, ಸ್ನಾಯು ಅದುರುವುದು, ಬಿಗಿದ ನಡಿಗೆ, ಕೊನೆಗೆ ಫಿಟ್ಸ್. ಬೇಲೂರು ದಾಟಿ ವಾಪಸ್ ಓಡುವ ಬದಲು ಆ ವಾರ ಹಾಸನದಲ್ಲೇ ಉಳಿಯಲು ವ್ಯವಸ್ಥೆ ಮಾಡಿಕೊಳ್ಳಿ. ಆಪರೇಷನ್‌ಗೂ ಮೊದಲೇ ಉಸಿರಾಟದಲ್ಲಿ ಗೊರಗೊರ ಸದ್ದು, ನಾಲಿಗೆ ನೀಲಿಗಟ್ಟುವುದು ಕಂಡರೆ ಈಗಲೇ, ರಾತ್ರಿಯಾದರೂ ಹೊರಡಿ.

ಮನೆಯವರ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ) ಮಾತ್ರೆಯನ್ನು ನಾಯಿಗೆ ದಯವಿಟ್ಟು ಕೊಡಬೇಡಿ.