ಒಂದು ದಿನ ತಡವಾಗಿ ಹುಟ್ಟಿದ ಹುಡುಗಿ

ಧಾರವಾಡ ಜಿಲ್ಲೆಯ ತಾಯಿಯೊಬ್ಬರು ಬರೆದಿದ್ದಾರೆ: "ಅಮೆರಿಕದ ಕುಸ್ತಿ ಹುಡುಗಿ ಅಮಿತ್ ಎಲೋರ್ ಫೋಟೊ ಹಾಕಿ, ಕೆಳಗೆ 'ರಾತ್ರೋರಾತ್ರಿ ಮಿಂಚಿದ ತಾರೆ' ಅಂತ ಬರೆದಿದ್ದೀರಿ. ನನ್ನ ಮಗಳಿಗೆ 13 ವರ್ಷ, ಕುಸ್ತಿ ಕಲೀತಾಳೆ. ಆ ಫೋಟೊ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡು, 'ನನ್ನ ರಾತ್ರಿ ಯಾವಾಗ ಬರ್ತದೆ' ಅಂತ ಕೇಳ್ತಾಳೆ. ಶಾಲೆಯಿಂದ ಸೀದಾ ಒಲಿಂಪಿಕ್ಸ್‌ಗೆ ಹೋಗೋದು ಅಲ್ಲಿ ಅಷ್ಟು ಸುಲಭವೇ? ಇನ್ನೊಂದು ಮಾತು, ಮಗಳಿಗೆ ತೂಕ ಇಳಿಸು ಅಂತಿದ್ದಾರೆ. ಇಳಿಸಬಹುದಾ?"

ಅಕ್ಕಾರೇ, ಆ ಸಾಲು ಬರೆದದ್ದು ನಾನೇ. ಪುಟ ಮುಗಿಸುವ ಅವಸರದಲ್ಲಿ ಕೈಗೆ ಸಿಕ್ಕ ಮಾತು ಹಾಕಿಬಿಟ್ಟೆ. ತಪ್ಪಾಯಿತು.

ಎಲೋರ್ ಹುಟ್ಟಿದ್ದು 2004ರ ಜನವರಿ 1ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ. ಇಸ್ರೇಲಿನಿಂದ ಬಂದ ಕುಟುಂಬದ ಕೊನೆಯ ಮಗಳು. (ನಮ್ಮಲ್ಲಿ ಅಮಿತ್ ಅಂದ್ರೆ ಹುಡುಗನ ಹೆಸರು, ಅಲ್ವಾ? ಹೀಬ್ರೂ ಭಾಷೆಯಲ್ಲಿ ಅದಕ್ಕೆ ಗೆಳೆಯ, ಜೊತೆಗಾರ ಅನ್ನೋ ಅರ್ಥ.) ಅಣ್ಣಂದಿರ ಬೆನ್ನು ಹತ್ತಿ ಮ್ಯಾಟಿಗೆ ಇಳಿದಾಗ ಅವಳಿಗೆ ನಾಲ್ಕು ವರ್ಷ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಇಪ್ಪತ್ತು. ನಾನು 'ರಾತ್ರೋರಾತ್ರಿ' ಅಂದದ್ದು ಈ ಹದಿನಾರು ವರ್ಷಕ್ಕೆ.

ಶಾಲೆಯಿಂದ ಸೀದಾ ಹೋಗೋಕೆ ದಾರಿಯೂ ಸೀದಾ ಇಲ್ಲ. ಅಮೆರಿಕದ ಶಾಲೆಗಳಲ್ಲಿ ಆಡಿಸುವ ಕುಸ್ತಿಯೇ ಬೇರೆ. ಅದನ್ನು ಫೋಕ್‌ಸ್ಟೈಲ್ ಅಂತಾರೆ. ಕೆಳಗೆ ಬಿದ್ದವರು ಬಿಡಿಸಿಕೊಂಡು ಎದ್ದರೆ ಅದಕ್ಕೂ ಒಂದು ಅಂಕ. ಮೇಲಿದ್ದವರು ಒತ್ತಿ ಹಿಡಿದೇ ಇರಬೇಕು. ಒಲಿಂಪಿಕ್ಸ್‌ನ ಫ್ರೀಸ್ಟೈಲ್‌ನಲ್ಲಿ ಸುಮ್ನೆ ಒತ್ತಿಕೊಂಡು ಕೂತರೆ ರೆಫರಿ ಇಬ್ಬರನ್ನೂ ಎಬ್ಬಿಸಿಬಿಡ್ತಾರೆ. ಅಲ್ಲಿ ಎದುರಾಳಿಯ ಬೆನ್ನನ್ನು ಮ್ಯಾಟಿನ ಕಡೆ ತಿರುಗಿಸಬೇಕು. ಗೆರೆಯಾಚೆ ದೂಡಿದರೂ ಅಂಕ ಉಂಟು. ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ ಚಿತ್ ಮಾಡಿ ಬೆಳೆದವರು ಮ್ಯಾಟಿಗೆ ಬಂದಾಗ ಅಂಕದ ಲೆಕ್ಕ ಹೊಸದಾಗಿ ಕಲಿಯುವುದಿಲ್ಲವೇ? ಅಲ್ಲಿನ ಮಕ್ಕಳದೂ ಹೆಚ್ಚುಕಡಿಮೆ ಅದೇ ಪಾಡು.

ಇನ್ನು ಅಮೆರಿಕದಲ್ಲಿ ಹುಡುಗಿಯರಿಗೆ ಎಲ್ಲವೂ ತಯಾರಿತ್ತು ಅಂತಲೂ ಅಂದುಕೊಳ್ಳಬೇಡಿ. ಮಹಿಳೆಯರ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದೇ ಅವಳು ಹುಟ್ಟಿದ ವರ್ಷ, ಅಥೆನ್ಸ್‌ನಲ್ಲಿ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಮಹಿಳಾ ಕುಸ್ತಿಗೂ ಚಾಂಪಿಯನ್‌ಷಿಪ್ ಕೊಡುತ್ತೇವೆ ಅಂದದ್ದು 2025ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಇವಳ ಕೊರಳಿಗೆ ಚಿನ್ನ ಬಿದ್ದು ಐದು ತಿಂಗಳಾಗಿತ್ತು.

ಮಗಳಿಗೆ ಹೇಳಬೇಕಾದ ಕತೆ ಅಂದ್ರೆ ಟೋಕಿಯೊದ್ದು. 2021ರಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆಗೆ ಎಲೋರ್ ವಯಸ್ಸು ಕಮ್ಮಿ ಬಿತ್ತು. ಎಷ್ಟು? ಒಂದು ದಿನ! ಡಿಸೆಂಬರ್ 31ಕ್ಕೆ ಹುಟ್ಟಿದ್ದರೆ ಅಖಾಡಕ್ಕೆ ಇಳಿಯಬಹುದಿತ್ತು. ಅವಳು ತನ್ನ ವಯೋಮಿತಿಯ ಟೂರ್ನಿಗಳನ್ನೇ ಗೆಲ್ಲುತ್ತಾ ಹೋದಳು. 2022ರಲ್ಲಿ, ಹದಿನೆಂಟು ತುಂಬಿದ ವರ್ಷ, 20ರೊಳಗಿನವರ, 23ರೊಳಗಿನವರ, ಕೊನೆಗೆ ಹಿರಿಯರ ವಿಶ್ವ ಪಟ್ಟ, ಮೂರನ್ನೂ ಎತ್ತಿದಳು. ಅದೇ ವರ್ಷ ತಂದೆ ತೀರಿಕೊಂಡಿದ್ದರು. ಒಬ್ಬ ಅಣ್ಣನನ್ನು 2018ರಲ್ಲೇ ಕಳೆದುಕೊಂಡಿದ್ದಳು. 2023ರಲ್ಲಿ ಹಿರಿಯರ ಪಟ್ಟ ಮತ್ತೆ ಅವಳದೇ.

ಈಗ ತೂಕದ ಮಾತು. ಅವಳು ವಿಶ್ವ ಪಟ್ಟ ಗೆದ್ದದ್ದು 72 ಕೆ.ಜಿ.ಯಲ್ಲಿ. ಆ ವಿಭಾಗ ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಮೇಲೆ 76, ಕೆಳಗೆ 68. ಅವಳು ಇಳಿಯುವುದನ್ನು ಆರಿಸಿಕೊಂಡಳು. ಆದರೆ ಅದು ಬೆಳೆದ ಮೈ, ಜೊತೆಗೆ ದೊಡ್ಡ ತಂಡದ ಕಾವಲು. ನಿಮ್ಮ ಮಗಳದು ಇನ್ನೂ ಉದ್ದ ಬೆಳೆಯುತ್ತಿರುವ ಮೈ. 13ಕ್ಕೆ ಊಟ ಬಿಡಿಸಿ, ನೀರು ಬಿಡಿಸಿ ತೂಕ ಇಳಿಸುವುದು ಬೇಡವೇ ಬೇಡ. ಬೆಳೆದಂತೆ ಮೇಲಿನ ವಿಭಾಗಕ್ಕೆ ಹೋಗಲಿ. ಅದೇ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಬರೀ 100 ಗ್ರಾಂ ಜಾಸ್ತಿಯಾಗಿ ಫೈನಲ್ ಕಳೆದುಕೊಂಡದ್ದನ್ನು ನೀವೂ ನೋಡಿದ್ದೀರಿ. ಅಷ್ಟು ಪಳಗಿದವರಿಗೇ ಹಾಗಾಯಿತು.

ನಮ್ಮ ನಿಶಾ ದಹಿಯಾ ಇದ್ದದ್ದೂ ಎಲೋರ್‌ಳ 68 ಕೆ.ಜಿ. ವಿಭಾಗದಲ್ಲೇ. ಉತ್ತರ ಕೊರಿಯಾದ ಪಾಕ್ ಸೊಲ್ ಗುಮ್ ಎದುರು ಚೆನ್ನಾಗಿ ಮುಂದಿದ್ದರು, ಕೈಗೆ ಪೆಟ್ಟಾಯಿತು. ನೋವಿನಲ್ಲೇ ಆಡಿ 8-10ಕ್ಕೆ ಸೋತು ಅತ್ತುಬಿಟ್ಟರು. ಫೈನಲ್ ತಲುಪಿದವರ ಕೈಯಲ್ಲಿ ಸೋತವರಿಗೆ ಕಂಚಿಗಾಗಿ ಇನ್ನೊಂದು ಅವಕಾಶ ಸಿಗ್ತದೆ. ಹಾಗಾಗಿ ಪಾಕ್ ಫೈನಲ್ ತಲುಪಿದ್ದರೆ ನಿಶಾಗೆ ಕಂಚಿನ ದಾರಿ ಇನ್ನೂ ತೆರೆದಿರುತ್ತಿತ್ತು. ಸೆಮಿಫೈನಲ್‌ನಲ್ಲಿ ಎಲೋರ್ ಆ ಪಾಕ್‌ಳನ್ನು 10-0ಗೆ ಮುಗಿಸಿದಳು. ಆ ರಾತ್ರಿ ಅವಳ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಮರುದಿನ ಕಿರ್ಗಿಸ್ತಾನದ ಮೀರಿಮ್ ಜುಮನಜರೋವಾ ಎದುರು 3-0ಯಿಂದ ಗೆದ್ದು, ಅಮೆರಿಕದ ಅತಿ ಕಿರಿಯ ಒಲಿಂಪಿಕ್ ಕುಸ್ತಿ ಚಾಂಪಿಯನ್ ಆದಳು. ಫೋಟೊ ಆ ದಿನದ್ದೇ.

ಫೋಟೊ ಗೋಡೆ ಮೇಲೆ ಇರಲಿ ಅಕ್ಕಾರೇ. ಕೆಳಗಿನ ನನ್ನ ಸಾಲನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ ತೆಗೆಯಲು ಮಗಳಿಗೆ ಹೇಳಿ.

— ಸಂ.